ಚಳಿಗಾಲಕ್ಕೆ ಮೈ ಗಟ್ಟಿ ಮಾಡಿಕೊಳ್ಳಲು ಹದಿನಾಲ್ಕು ಸೂತ್ರಗಳು

ಹಿಂಗಾರು ಮಳೆ ಹಿಂದೆ ಸರಿದು ರಾಗಿ ಹೊಲ ಕೊಯ್ಲಿಗೆ ಬರುವ ಹೊತ್ತಿಗೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇಬ್ಬನಿ ದಟ್ಟವಾಗುತ್ತದೆ. ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸಾಲಿನ ಊರುಗಳಲ್ಲಿ ಹೊತ್ತು ಮುಳುಗುತ್ತಲೇ ಕಂಬಳಿ ಹೊರಬರುತ್ತದೆ. ಅದರ ಬೆನ್ನಿಗೇ ಮನೆಯಲ್ಲಿ ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಕೆಮ್ಮು, ಅಜ್ಜಿಗೆ ಉಬ್ಬಸ ಶುರುವಾಗುತ್ತದೆ.

ಚಳಿ ತಾನಾಗಿ ರೋಗ ತರುವುದಿಲ್ಲ. ರೋಗಕ್ಕೆ ದಾರಿ ಮಾಡಿಕೊಡುತ್ತದೆ. ನೆಗಡಿ ತರುವ ರೈನೋವೈರಸ್ ದೇಹದ ಒಳಗಿನ 37 ಡಿಗ್ರಿಗಿಂತ ತಣ್ಣಗಾದ ಮೂಗಿನ 33 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮೂಗು ತಣ್ಣಗಾದಷ್ಟೂ ಅಲ್ಲಿನ ಕಾವಲು ಸಡಿಲವಾಗುತ್ತದೆ. ಜೊತೆಗೆ ನಾವು ಕಿಟಕಿ ಬಾಗಿಲು ಹಾಕಿಕೊಂಡು ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಸೇರುತ್ತದೆ.

ಇದಕ್ಕೆ ಪರಿಹಾರವೆಂದು ಅಂಗಡಿಯಲ್ಲಿ ‘ಇಮ್ಯೂನಿಟಿ ಬೂಸ್ಟರ್’ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಅವುಗಳಿಗೆ ದುಡ್ಡು ಸುರಿಯುವ ಮುನ್ನ ಒಂದು ಮಾತು ತಿಳಿಯಿರಿ. ರೋಗನಿರೋಧಕ ಶಕ್ತಿ ಒಂದು ವಾರದಲ್ಲಿ ಕುಡಿದು ಏರಿಸುವಂಥದ್ದಲ್ಲ. ದಿನದಿನವೂ ಕೂಡಿಸಿ ಕಾಪಾಡಿಕೊಳ್ಳುವಂಥದ್ದು. ಅದಕ್ಕೆ ಬೇಕಾದ ಬಹುಪಾಲು ಸಾಮಗ್ರಿ ನಮ್ಮ ಹೊಲ, ಸಂತೆ, ಅಂಗನವಾಡಿ ಮತ್ತು ಆರೋಗ್ಯ ಉಪಕೇಂದ್ರಗಳಲ್ಲೇ ಇದೆ.

1. ಜನವರಿಗೆ ಕಾಯಬೇಡಿ, ನವೆಂಬರ್‌ನಲ್ಲೇ ಶುರುಮಾಡಿ

ನಮ್ಮ ದೇಶದಲ್ಲಿ ಫ್ಲೂ ಜ್ವರ ವರ್ಷಕ್ಕೆ ಎರಡು ಬಾರಿ ಹೆಚ್ಚುತ್ತದೆ: ಮಳೆಗಾಲದ ಕೊನೆಗೆ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಮತ್ತೊಮ್ಮೆ. ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ದೇಹ ಸಜ್ಜಾಗಲು ಸುಮಾರು ಎರಡು ವಾರ ಬೇಕು. ರಕ್ತಹೀನತೆ ಸರಿಹೋಗಲು, ಶುಗರ್ ಹತೋಟಿಗೆ ಬರಲು ತಿಂಗಳುಗಳೇ ಬೇಕು. ಹಾಗಾಗಿ ದೀಪಾವಳಿ ಮುಗಿಯುತ್ತಲೇ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಲೆಕ್ಕ ಹಾಕಿ: ಯಾರಿಗೆ ಲಸಿಕೆ ಬಾಕಿ, ಯಾರು ತಪಾಸಣೆಗೆ ಹೋಗಬೇಕು, ಯಾರ ಮಾತ್ರೆ ಮುಗಿಯುತ್ತಾ ಬಂದಿದೆ.

2. ಸಾರಿನಲ್ಲಿ ನೀರಿಗಿಂತ ಕಾಳು ಹೆಚ್ಚಿರಲಿ

ರೋಗಾಣುಗಳನ್ನು ಹಿಡಿದು ನಿಲ್ಲಿಸುವ ಪ್ರತಿಕಾಯಗಳು ಆಗುವುದು ಪ್ರೋಟೀನ್‌ನಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ ಇದು ಸುಮಾರು 50 ಗ್ರಾಂ.

ರಾಗಿಮುದ್ದೆ ನಮ್ಮ ಬಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ ಇದೆ, ಆದರೆ ಪ್ರೋಟೀನ್ ಏಳು ಗ್ರಾಂನಷ್ಟೇ. ಅದೇ ತೂಕದ ಒಣ ಹುರುಳಿಯಲ್ಲಿ 20 ಗ್ರಾಂಗೂ ಹೆಚ್ಚು. ಅದಕ್ಕೇ ಮುದ್ದೆಯ ಜೊತೆ ಬರೀ ತಿಳಿ ಉಪ್ಸಾರು ಸಾಲದು; ಬಸಿದ ಕಾಳೂ ಸೊಪ್ಪೂ ತಟ್ಟೆಗೆ ಬೀಳಬೇಕು. ಚಳಿಗಾಲವೇ ಅವರೆಕಾಯಿಯ ಸುಗ್ಗಿ. ಹಿತಕಿದ ಬೇಳೆ ಸಾರು, ಮೊಳಕೆ ಹುರುಳಿ ಸಾರು, ತೊಗರಿಕಾಳಿನ ಬಸ್ಸಾರು ವಾರದಲ್ಲಿ ಸರದಿಯಂತೆ ಬರಲಿ. ತಿನ್ನುವವರಿಗೆ ದಿನಕ್ಕೊಂದು ಮೊಟ್ಟೆ ಇನ್ನೂ ಆರು ಗ್ರಾಂ ಸೇರಿಸುತ್ತದೆ. ಸರ್ಕಾರಿ ಶಾಲೆಯಲ್ಲಿ ಕೊಡುವ ಹಾಲು, ಮೊಟ್ಟೆಯನ್ನು ಮಕ್ಕಳು ಬಿಡದೆ ತಿನ್ನುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಬಡಿಸುವಾಗ ಮನೆಯ ಹೆಂಗಸರ ಪಾಲಿಗೆ ಕಾಳು ಉಳಿಯುತ್ತಿದೆಯೇ ಎಂದೂ ನೋಡಿ.

3. ದಿನಕ್ಕೊಂದು ಬೆಟ್ಟದ ನೆಲ್ಲಿಕಾಯಿ

ಬಿಳಿಗಿರಿರಂಗನಬೆಟ್ಟದ ಸೋಲಿಗರು ತಲೆಮಾರುಗಳಿಂದ ಕಾಡಿನಿಂದ ತರುತ್ತಿರುವ ಕಿರು ಉತ್ಪನ್ನಗಳಲ್ಲಿ ಜೇನು, ಪಾಚಿ, ಸೀಗೆಯ ಜೊತೆ ನೆಲ್ಲಿಗೆ ದೊಡ್ಡ ಜಾಗವಿದೆ. ಆ ನೆಲ್ಲಿ ಸಂತೆಗೆ ಬರುವುದೂ ಚಳಿಗಾಲದಲ್ಲೇ.

ನೂರು ಗ್ರಾಂ ನೆಲ್ಲಿಯಲ್ಲಿ ಸುಮಾರು 250 ಮಿಲಿಗ್ರಾಂ ವಿಟಮಿನ್ ಸಿ ಇದೆ. ದಿನಕ್ಕೆ ಗಂಡಸರಿಗೆ ಬೇಕಿರುವುದು 80, ಹೆಂಗಸರಿಗೆ 65 ಮಿಲಿಗ್ರಾಂ. ಅಂದರೆ ಒಂದು ಒಳ್ಳೆಯ ಗಾತ್ರದ ಕಾಯಿ ಆ ದಿನದ ಪಾಲನ್ನು ಹೆಚ್ಚೂಕಡಿಮೆ ತುಂಬಿಸಿಬಿಡುತ್ತದೆ. ನೆಲ್ಲಿ ಸಿಗದ ದಿನ ಒಂದು ಸೀಬೆಹಣ್ಣು ಸಾಕು. ಅದರಲ್ಲೂ ನೂರು ಗ್ರಾಂಗೆ 200 ಮಿಲಿಗ್ರಾಂ ಮೀರಿ ಇದೆ. ಬೇಯಿಸಿದರೆ ಈ ವಿಟಮಿನ್ ನಷ್ಟವಾಗುವುದರಿಂದ ಹಸಿಯಾಗಿಯೇ ಉಪ್ಪು ಹಚ್ಚಿ ತಿನ್ನಿ, ಇಲ್ಲವೇ ಚಟ್ನಿ ಅರೆಯಿರಿ.

ಇನ್ನು ಮಾತ್ರೆಯ ಮಾತು. ದಿನವೂ ವಿಟಮಿನ್ ಸಿ ಮಾತ್ರೆ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ದೊಡ್ಡವರಲ್ಲಿ ನೆಗಡಿಯ ಅವಧಿ ನೂರಕ್ಕೆ ಎಂಟರಷ್ಟು ಕಡಿಮೆಯಾದೀತು ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆ ಹೇಳುತ್ತದೆ. ನೆಗಡಿ ಬಂದ ಮೇಲೆ ಶುರುಮಾಡಿದರೆ ಆ ಲಾಭವೂ ಖಚಿತವಿಲ್ಲ.

4. ಬೆರಕೆ ಸೊಪ್ಪು ತನ್ನಿ, ಊಟದ ಕೂಡಲೇ ಟೀ ಬಿಡಿ

ಹೊಲದ ಬದುವಿನಲ್ಲಿ ಇಬ್ಬನಿ ಕುಡಿದು ಬೆಳೆದ ಅಣ್ಣೆಸೊಪ್ಪು, ಕಿರಕೀರೆ, ಹೊನಗೊನ್ನೆ, ಹಿತ್ತಲಿನ ನುಗ್ಗೆಸೊಪ್ಪು ಇವೆಲ್ಲ ದುಡ್ಡಿಲ್ಲದೆ ಸಿಗುವ ಪೋಷಣೆ. ಇವುಗಳಲ್ಲಿನ ಬೀಟಾ ಕೆರೋಟಿನ್ ದೇಹದಲ್ಲಿ ವಿಟಮಿನ್ ಎ ಆಗಿ, ಮೂಗು, ಗಂಟಲು, ಶ್ವಾಸಕೋಶದ ಒಳಪದರವನ್ನು ಗಟ್ಟಿಯಾಗಿಡುತ್ತದೆ. ಬೇಯಿಸಿದ ಸೊಪ್ಪಿಗೆ ಒಗ್ಗರಣೆಯ ಎಣ್ಣೆ ಇದ್ದರೆ ಅದು ಚೆನ್ನಾಗಿ ಹೀರಲ್ಪಡುತ್ತದೆ. ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಕುಡಿಯುವ ಟೀ, ಕಾಫಿ ಆ ಕಬ್ಬಿಣವನ್ನು ತಡೆಯುತ್ತದೆ. ಕನಿಷ್ಠ ಒಂದು ಗಂಟೆ ಬಿಟ್ಟು ಕುಡಿಯಿರಿ. ಗರ್ಭಿಣಿಯರು ಉಪಕೇಂದ್ರದಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲಿಡದೆ ನುಂಗಬೇಕು.

5. ಏಳು ಗಂಟೆ ನಿದ್ದೆಯನ್ನು ಕಳೆದುಕೊಳ್ಳಬೇಡಿ

ಅಮೆರಿಕದ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿ ನೋಡಿದರು. ಏಳು ಗಂಟೆಗಿಂತ ಕಡಿಮೆ ಮಲಗುವವರಿಗೆ, ಎಂಟು ಗಂಟೆ ಅಥವಾ ಹೆಚ್ಚು ಮಲಗುವವರಿಗಿಂತ ನೆಗಡಿ ಹಿಡಿಯುವ ಸಂಭವ ಸುಮಾರು ಮೂರು ಪಟ್ಟು ಇತ್ತು. ಇದು ಪ್ರಕಟವಾದದ್ದು 2009ರಲ್ಲಿ.

ರಾತ್ರಿ ಪಾಳಿಯ ಕರೆಂಟಿಗೆ ಕಾದು ಹೊಲಕ್ಕೆ ನೀರು ಹಾಯಿಸುವ ರೈತರಿಗೆ, ಕೊನೆಯ ಹಂತದ ರೇಷ್ಮೆ ಹುಳುವಿಗೆ ರಾತ್ರಿಯೂ ಸೊಪ್ಪು ಹಾಕುವವರಿಗೆ, ಆನೆ, ಹಂದಿ ಕಾಯಲು ಅಟ್ಟಣೆಯಲ್ಲಿ ಕೂರುವ ಕಾಡಂಚಿನವರಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಅವರು ಮಧ್ಯಾಹ್ನ ಒಂದೆರಡು ಗಂಟೆ ಮಲಗಿ ಬಾಕಿ ತೀರಿಸಿಕೊಳ್ಳಲಿ. ಮನೆಯವರು ಅದಕ್ಕೆ ಆಸ್ಪದ ಕೊಡಲಿ. ಮೊಬೈಲ್ ನೋಡುತ್ತಾ ನಿದ್ದೆಗೆಡುವ ಉಳಿದವರಿಗೆ ಯಾವ ನೆಪವೂ ಇಲ್ಲ.

6. ಬಿಸಿಲಿಗೆ ಮೈ ಒಡ್ಡಿ, ಹೊತ್ತು ನೋಡಿ

ವಿಟಮಿನ್ ಡಿ ರೋಗನಿರೋಧಕ ಕಣಗಳಿಗೆ ಬೇಕೇಬೇಕು. ಏಳು ಗಂಟೆಯ ಎಳೆಬಿಸಿಲು ಹಿತವಾಗಿದ್ದರೂ ಅದರಲ್ಲಿ ಈ ವಿಟಮಿನ್ ತಯಾರಿಸುವ ಕಿರಣ ತೀರಾ ಕಡಿಮೆ. ಸೂರ್ಯ ಮೇಲೇರಿದ 11ರಿಂದ 2 ಗಂಟೆಯ ನಡುವಿನ ಬಿಸಿಲೇ ಆ ಕೆಲಸ ಮಾಡುವುದು. ನಮ್ಮದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶ. ಯುರೋಪಿನಂತೆ ಇಲ್ಲಿ ಚಳಿಗಾಲದಲ್ಲಿ ಆ ಕಿರಣಕ್ಕೆ ಬರವಿಲ್ಲ. ಹೊಲದಲ್ಲಿ ದುಡಿಯುವವರಿಗೆ ತಾನಾಗಿ ಸಿಗುತ್ತದೆ. ಮಗ್ಗದ ಗುಂಡಿಯಲ್ಲಿ ಇಡೀ ದಿನ ಕೂರುವ ನೇಕಾರರು, ಅಂಗಡಿ, ಕಚೇರಿಯಲ್ಲಿ ಕೂರುವವರು, ಹೊರಗೆ ಬರದ ಬಾಣಂತಿಯರು ಮತ್ತು ಮುದುಕರು ದಿನವೂ ಇಪ್ಪತ್ತು ನಿಮಿಷ ತೋಳು, ಮುಖಕ್ಕೆ ಬಿಸಿಲು ತಾಗಿಸಲಿ.

7. ಒಳಮನೆಯಿಂದ ಹೊಗೆ ಓಡಿಸಿ

ಮೂಗು, ಶ್ವಾಸನಾಳಗಳ ಒಳಗೆ ಕಸ ಗುಡಿಸಿ ಹೊರಹಾಕುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವುಗಳನ್ನು ಜಡಗೊಳಿಸುತ್ತದೆ. ಸೌದೆ ಒಲೆ ಇದ್ದರೆ ಹೊಗೆ ಹೊರಹೋಗುವ ದಾರಿ ಇರಲಿ. ಅಡುಗೆ ಮಾಡುವಾಗ ಕೂಸನ್ನು ಕಂಕುಳಲ್ಲಿಟ್ಟುಕೊಳ್ಳಬೇಡಿ. ಎಣ್ಣೆನೀರು ಹಾಕಿದ ಮೇಲೆ ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ನಮ್ಮಲ್ಲಿದೆ. ಪ್ರೀತಿಯಿಂದ ಮಾಡುವುದಾದರೂ ಆ ಹೊಗೆ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಮೆತ್ತನೆಯ ಬಟ್ಟೆಯಲ್ಲಿ ತಲೆ ಒರೆಸಿ ಬೆಚ್ಚಗೆ ಸುತ್ತಿದರೆ ಸಾಕು. ಕಬ್ಬಿನ ತರಗು ಸುಡುವ ಬದಲು ಹೊಲದಲ್ಲೇ ಹೊದಿಕೆಯಾಗಿ ಬಿಡಿ: ಮಣ್ಣಿಗೂ ಲಾಭ, ಊರಿನ ಉಸಿರಿಗೂ ಲಾಭ.

ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಎಂದೂ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

8. ಹುಳುಮನೆಯ ಶಿಸ್ತು ವಾಸದ ಮನೆಗೂ ಬರಲಿ

ರೇಷ್ಮೆ ಸಾಕುವ ನಮ್ಮ ರೈತರಿಗೆ ಸೋಂಕು ತಡೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ತಂಪು, ತೇವ ಹೆಚ್ಚಿದರೆ ಹುಳುವಿಗೆ ಸುಣ್ಣಕಟ್ಟು ರೋಗ ಬರುತ್ತದೆಂದು ಗೊತ್ತು. ಅದಕ್ಕೇ ಬೆಳೆಗೆ ಮೊದಲು ಬ್ಲೀಚಿಂಗ್ ಪುಡಿಯಲ್ಲಿ ಹುಳುಮನೆ ತೊಳೆಯುತ್ತಾರೆ, ಗಾಳಿ ಆಡುವಂತೆ ನೋಡಿಕೊಳ್ಳುತ್ತಾರೆ, ಕಾಯಿಲೆಯ ಹುಳು ಆರಿಸಿ ಬೇರೆ ಮಾಡುತ್ತಾರೆ, ಕೈ ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಮನುಷ್ಯರ ಮನೆಗೂ ಇದೇ ನಾಲ್ಕು ನಿಯಮ. ಊಟಕ್ಕೆ ಮುಂಚೆ, ಹೊರಗಿನಿಂದ ಬಂದಾಗ, ಮೂಗು ಸೀಟಿದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈ ತಿಕ್ಕಿ. ಹಗಲು ಹೊತ್ತು ಕಿಟಕಿ ತೆರೆದಿಡಿ. ಕೆಮ್ಮುವವರು ತೋಳಿಗೆ ಬಾಯಿ ಒತ್ತಿ ಕೆಮ್ಮಲಿ, ಬೇರೆ ಮಲಗಲಿ. ನೆಗಡಿಯವರು ಕೂಸಿಗೆ ಮುತ್ತು ಕೊಡುವುದನ್ನು ನಾಲ್ಕು ದಿನ ತಡೆದುಕೊಳ್ಳಲಿ.

9. ತಾಯಿ ಕಾರ್ಡ್ ತೆಗೆದು ಲಸಿಕೆ ಬಾಕಿ ನೋಡಿ

ನ್ಯುಮೋನಿಯಾ ತರುವ ನ್ಯುಮೋಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದಾದ್ಯಂತ ಉಚಿತ. ಮಗುವಿಗೆ ಆರು ವಾರ, 14 ವಾರ ಮತ್ತು ಒಂಬತ್ತು ತಿಂಗಳಿಗೆ ಇದು ಬೀಳಬೇಕು. ಪೆಂಟಾವೇಲೆಂಟ್ ಲಸಿಕೆ 6, 10, 14 ವಾರಕ್ಕೆ. ದಡಾರ-ರುಬೆಲ್ಲಾ ಒಂಬತ್ತು ತಿಂಗಳ ಬಳಿಕ ಮತ್ತು ಒಂದೂವರೆ ವರ್ಷದ ಹೊತ್ತಿಗೆ. ವಿಟಮಿನ್ ಎ ದ್ರಾವಣ ಒಂಬತ್ತನೆಯ ತಿಂಗಳಿಂದ ಐದು ವರ್ಷದೊಳಗೆ ಒಂಬತ್ತು ಬಾರಿ. ಒಂದು ದಿನಾಂಕ ತಪ್ಪಿದ್ದರೂ ಆಶಾ ಕಾರ್ಯಕರ್ತೆಯನ್ನು ಕೇಳಿ, ತಡವಾಯಿತೆಂದು ಬಿಡಬೇಡಿ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಕೊಡಿ. ಫ್ಲೂ ಲಸಿಕೆಯ ಬಗ್ಗೆ 60 ದಾಟಿದವರು, ಗರ್ಭಿಣಿಯರು, ಆಸ್ತಮಾ, ಶುಗರ್, ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳಬೇಕು.

10. ಜಾತ್ರೆಗೆ ಹೋಗಿ, ಜ್ವರ ಹೊತ್ತು ಹೋಗಬೇಡಿ

ಚಳಿಗಾಲವೇ ನಮ್ಮ ಜಾತ್ರೆಗಳ ಕಾಲ. ಸಂಕ್ರಾಂತಿ ಹೊತ್ತಿಗೆ ಬಿಳಿಗಿರಿರಂಗನ ಚಿಕ್ಕಜಾತ್ರೆ, ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಮಲೆ ಮಾದಪ್ಪನ ಬೆಟ್ಟಕ್ಕೆ ಕೌದಳ್ಳಿ, ತಾಳಬೆಟ್ಟದ ದಾರಿಯಲ್ಲಿ ನಡೆದು ಹೋಗುವವರೂ ಇದ್ದಾರೆ. ಬಯಲಲ್ಲಿ ರಾತ್ರಿ ಕಳೆಯುವವರು ನೆಲದ ತಂಪಿಗೆ ಚಾಪೆ, ಮೈಗೆ ಕಂಬಳಿ, ಕಿವಿ ಮುಚ್ಚುವ ಟವೆಲ್ ಒಯ್ಯಿರಿ. ಕಿಕ್ಕಿರಿದ ಬಸ್ಸಿನಲ್ಲಿ ಮಾಸ್ಕ್ ಹಾಕಿ. ಬಿಸಿ ಇರುವಾಗಲೇ ಉಣ್ಣಿ, ಕುದಿಸಿದ ನೀರು ಕುಡಿಯಿರಿ. ಕೈಕೂಸು ಮತ್ತು ಉಬ್ಬಸದ ಹಿರಿಯರನ್ನು ಬಯಲ ಚಳಿಯಲ್ಲಿ ಮಲಗಿಸಬೇಡಿ. ಜ್ವರ, ಕೆಮ್ಮು ಇದ್ದವರು ಹರಕೆಯನ್ನು ಮುಂದಿನ ಅಮಾವಾಸ್ಯೆಗೆ ಮುಂದೂಡಲಿ.

11. ಮೈ ದುಡಿಸಿ, ಬೆಚ್ಚಗಿರಿ, ಸಾರಾಯಿಯ ಬಿಸಿ ನಂಬಬೇಡಿ

ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ರೋಗನಿರೋಧಕ ಕಣಗಳು ಮೈಯೆಲ್ಲ ಚುರುಕಾಗಿ ಓಡಾಡುತ್ತವೆ. ಇಬ್ಬನಿಯಲ್ಲಿ ಹೊರಟರೆ ಮೂಗು, ಕಿವಿ ಮುಚ್ಚಿಕೊಳ್ಳಿ. ಕೊಳ್ಳೇಗಾಲ, ಮಾಂಬಳ್ಳಿ ಕಡೆ ಗೂಡು ಬೇಯಿಸಿ ನೂಲು ಬಿಚ್ಚುವವರು ಬೆವೆತ, ನೆನೆದ ಬಟ್ಟೆಯಲ್ಲೇ ಬೆಳಗಿನ ಚಳಿಗೆ ಹೊರಬರಬಾರದು. ಒಣಬಟ್ಟೆ ಉಟ್ಟು ಬನ್ನಿ. ಹೆಂಡ, ಸಾರಾಯಿ ಕುಡಿದರೆ ಬೆಚ್ಚಗಾಗುತ್ತದೆಂಬುದು ಭ್ರಮೆ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಸೋರುತ್ತದೆ. ಬೀಡಿ, ಸಿಗರೇಟು ಬಿಡಲು ಚಳಿಗಾಲಕ್ಕಿಂತ ಒಳ್ಳೆಯ ಸಮಯವಿಲ್ಲ.

12. ಶುಗರ್, ಸಿಕಲ್ ಸೆಲ್ ಇದ್ದವರಿಗೆ ಎರಡು ಪಟ್ಟು ಎಚ್ಚರ

ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳು ಮಂಕಾಗುತ್ತವೆ. ನವೆಂಬರ್‌ನಲ್ಲೊಮ್ಮೆ ಪರೀಕ್ಷೆ ಮಾಡಿಸಿ. ಸಂಕ್ರಾಂತಿಯ ಎಳ್ಳುಬೆಲ್ಲ, ಸಕ್ಕರೆ ಅಚ್ಚಿನಲ್ಲಿ ಮಿತಿಯಿರಲಿ.

ಸೋಲಿಗ ಸಮುದಾಯದ ಕೆಲವು ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ವಂಶವಾಹಿಯಾಗಿ ಬಂದಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಕಾಯಿಲೆಯ ಪತ್ತೆ, ಆರೈಕೆಯಲ್ಲಿ ದುಡಿದಿದೆ. 2023ರಿಂದ ಕೇಂದ್ರ ಸರ್ಕಾರದ ನಿರ್ಮೂಲನಾ ಅಭಿಯಾನವೂ ನಡೆಯುತ್ತಿದೆ. ಚಳಿ ಮತ್ತು ನೀರಿನ ಕೊರತೆ ಎರಡೂ ಈ ಕಾಯಿಲೆಯ ನೋವನ್ನು ಕೆರಳಿಸುತ್ತವೆ. ಗುಲ್ಮ ಸೊರಗುವುದರಿಂದ ಸೋಂಕೂ ಬೇಗ ತಗಲುತ್ತದೆ. ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಇಂಥ ಮಕ್ಕಳಿದ್ದರೆ ಬೆಚ್ಚಗಿನ ಬಟ್ಟೆ, ಬಾಯಾರದಿದ್ದರೂ ಆಗಾಗ ನೀರು, ಎಲ್ಲ ಲಸಿಕೆ ಖಾತ್ರಿಯಾಗಲಿ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

13. ಕೆಮ್ಮಿಗೆ ಜೇನು ಸರಿ, ನೆಗಡಿಗೆ ಆಂಟಿಬಯೋಟಿಕ್ ಬೇಡ

ಒಂದು ವರ್ಷ ದಾಟಿದವರಿಗೆ ರಾತ್ರಿಯ ಕೆಮ್ಮಿಗೆ ಒಂದು ಚಮಚ ಜೇನುತುಪ್ಪ ಹಿತ ಕೊಡುತ್ತದೆ. ವರ್ಷ ತುಂಬದ ಕೂಸಿಗೆ ಒಂದು ಹನಿಯನ್ನೂ ನೆಕ್ಕಿಸಬೇಡಿ. ಜೇನಿನಲ್ಲಿ ಇರಬಹುದಾದ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ಅಂಥ ಮಗುವಿನ ಪ್ರಾಣಕ್ಕೇ ಅಪಾಯ. ಬಿಸಿನೀರು, ಮೆಣಸು ಶುಂಠಿಯ ಕಷಾಯ, ಉಪ್ಪುನೀರಿನ ಮುಕ್ಕಳಿಕೆ ಗಂಟಲಿಗೆ ಆರಾಮ ಕೊಡುತ್ತವೆ. ನೆಗಡಿ, ಫ್ಲೂ ವೈರಸ್‌ನಿಂದ ಬರುವುದರಿಂದ ಆಂಟಿಬಯೋಟಿಕ್ ಅದಕ್ಕೆ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಕೇಳಿ ನುಂಗಿದರೆ ನಿಜವಾಗಿ ಬೇಕಾದ ದಿನ ಅದು ಕೈಕೊಡುತ್ತದೆ. ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಯಾರನ್ನೂ ಒತ್ತಾಯಿಸಬೇಡಿ.

14. ಕಾಯಬಾರದ ಲಕ್ಷಣಗಳನ್ನು ಬಾಯಿಪಾಠ ಮಾಡಿ

ಮಗು ಶಾಂತವಾಗಿರುವಾಗ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40. ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಶಂಕೆ. ಪಕ್ಕೆ ಒಳಸೆಳೆಯುವುದು, ಹಾಲು ಕುಡಿಯದಿರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಮನೆಮದ್ದು, ತಾಯತ ಎಂದು ಹೊತ್ತು ಕಳೆಯಬೇಡಿ, 108ಕ್ಕೆ ಕರೆ ಮಾಡಿ. ಬೆಟ್ಟದ ಊರಿನಿಂದ ಆಸ್ಪತ್ರೆ ದೂರ. ಕತ್ತಲಾಗುವ ಮುಂಚೆಯೇ ಹೊರಡುವುದು ಜಾಣತನ.

ದೊಡ್ಡವರಲ್ಲಿ ಏದುಸಿರು, ಎದೆನೋವು, ಗೊಂದಲದ ಮಾತು, ಮೂರು ದಿನವಾದರೂ ಇಳಿಯದ ಜ್ವರ ಕೂಡಲೇ ತೋರಿಸಬೇಕಾದವು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಉಚಿತ. ಕ್ಷಯದ ಚಿಕಿತ್ಸೆಯೂ ಉಚಿತ, ಜೊತೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ಷಯರೋಗಿಯ ಮನೆಯವರಿಗೆ ಹೆಚ್ಚುವರಿ ಆಹಾರ ಕೊಟ್ಟಾಗ ಅವರಿಗೆ ಕ್ಷಯ ತಗಲುವುದು ನೂರಕ್ಕೆ 39ರಷ್ಟು ತಗ್ಗಿತು. ಹೊಟ್ಟೆ ತುಂಬ ಒಳ್ಳೆಯ ಊಟ ಎಷ್ಟು ದೊಡ್ಡ ರಕ್ಷಣೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಹದಿನಾಲ್ಕನ್ನೂ ಒಂದೇ ದಿನ ಹಿಡಿಯಲು ಹೋಗಬೇಡಿ. ಈ ವಾರ ಮೂರು ಆರಿಸಿಕೊಳ್ಳಿ: ಕಾಳು ಹೆಚ್ಚಿದ ಸಾರು, ಏಳು ಗಂಟೆ ನಿದ್ದೆ, ಮಗುವಿನ ಲಸಿಕೆ ಕಾರ್ಡಿನ ಪರಿಶೀಲನೆ. ಅವು ರೂಢಿಯಾದ ಮೇಲೆ ಮುಂದಿನದು. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರೊಬ್ಬರಿದ್ದರೆ ಅವರಿಗೂ ಒಂದು ಬಟ್ಟಲು ಬಿಸಿ ಸಾರು, ಒಂದು ಕಂಬಳಿ ತಲುಪಿಸಿ. ಊರೆಲ್ಲ ಆರೋಗ್ಯವಾಗಿದ್ದರೆ ಮಾತ್ರ ನಮ್ಮ ಮನೆಯ ಆರೋಗ್ಯ ಭದ್ರ. ಇಂದೇ ಶುರುಮಾಡಿ.